ಮೈ ಹೊಸದಾದರೂ ನಾವು ಅವರೇನಾ?

ಕೇಳುಗರೇ, ನಮಸ್ಕಾರ.

ಏಳು ವರ್ಷಕ್ಕೊಮ್ಮೆ ನಮ್ಮ ಮೈ ಪೂರ್ತಿ ಹೊಸದಾಗುತ್ತದೆ ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಅದು ಪೂರ್ತಿ ನಿಜವಲ್ಲ. ಒಂದೊಂದು ಅಂಗಕ್ಕೆ ಒಂದೊಂದು ಲೆಕ್ಕ. ಕರುಳಿನ ಒಳಪದರದ ಜೀವಕೋಶಗಳು ಸುಮಾರು 3ರಿಂದ 5 ದಿನ ಬಾಳುತ್ತವೆ. ಕೆಂಪು ರಕ್ತಕಣಗಳು ಸುಮಾರು 120 ದಿನ. ಮೂಳೆ ಗಟ್ಟಿ, ಅದೇನು ಬದಲಾಗುತ್ತದೆ ಅಂದುಕೊಳ್ಳುತ್ತೇವೆ, ಅಲ್ವಾ? ಅದರಲ್ಲೂ ಹತ್ತರಲ್ಲಿ ಒಂದು ಪಾಲು ಪ್ರತಿ ವರ್ಷ ಕರಗಿ, ಮತ್ತೆ ಕಟ್ಟಿಕೊಳ್ಳುತ್ತದೆ.

ಆದರೆ ಮಿದುಳಿನ ಹೊರಪದರದ ನರಕೋಶಗಳಿಗೆ ಹೆಚ್ಚುಕಡಿಮೆ ನಮ್ಮಷ್ಟೇ ವಯಸ್ಸು. ಇದು ಗೊತ್ತಾದ ಬಗೆ ನನ್ನನ್ನು ಇವತ್ತಿಗೂ ಬೆರಗುಗೊಳಿಸುತ್ತದೆ. 1950, 60ರ ದಶಕಗಳಲ್ಲಿ ನೆಲದ ಮೇಲೆ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಎಂಬ ವಿಕಿರಣ ಸೂಸುವ ಇಂಗಾಲ ಜಾಸ್ತಿಯಾಯಿತು. ಗಿಡಗಳು ಅದನ್ನು ಹೀರಿಕೊಂಡವು, ಊಟದ ಜೊತೆ ಅದು ಮನುಷ್ಯರ ಮೈ ಸೇರಿತು. ಅಂಥ ಪರೀಕ್ಷೆಗಳನ್ನು ನಿಷೇಧಿಸಿದ 1963ರ ಒಪ್ಪಂದದ ನಂತರ ಗಾಳಿಯಲ್ಲಿ ಅದರ ಮಟ್ಟ ವರ್ಷ ವರ್ಷವೂ ಇಳಿಯುತ್ತ ಬಂತು. ಒಂದು ಕೋಶ ಹುಟ್ಟುವಾಗ ಗಾಳಿಯಲ್ಲಿ ಎಷ್ಟಿತ್ತೋ, ಆ ಗುರುತು ಅದರ ಡಿಎನ್‌ಎಯಲ್ಲಿ ಉಳಿಯುತ್ತದೆ. ಸ್ವೀಡನ್ನಿನ ಯೋನಾಸ್ ಫ್ರಿಸೆನ್ ಅವರ ತಂಡ 2005ರಲ್ಲಿ ಈ ಗುರುತು ಹಿಡಿದೇ ಕೋಶಗಳ ವಯಸ್ಸನ್ನು ಲೆಕ್ಕ ಹಾಕಿತು.

ಹಾಗಾದರೆ 'ನಾನು' ಎನ್ನುವುದು ಆ ಹಳೆಯ ನರಕೋಶಗಳಲ್ಲೇ ಇದೆಯೇ? ಅಷ್ಟು ಸುಲಭವಲ್ಲ. ಆ ಕೋಶಗಳ ಒಳಗಿನ ನೀರು, ಹೆಚ್ಚಿನ ಪ್ರೋಟೀನುಗಳು ಬದಲಾಗುತ್ತಲೇ ಇರುತ್ತವೆ.

ಹಚ್ಚೆಯನ್ನೇ ನೋಡಿ. ಅದರ ಬಣ್ಣವನ್ನು ಚರ್ಮದ ರಕ್ಷಕ ಕೋಶಗಳು ನುಂಗಿ ಇಟ್ಟುಕೊಂಡಿರುತ್ತವೆ. ಒಂದು ಕೋಶ ಸತ್ತಾಗ ಬಣ್ಣ ಹೊರಬೀಳುತ್ತದೆ, ಹೊಸದಾಗಿ ಬಂದ ಕೋಶ ಅದನ್ನು ನುಂಗುತ್ತದೆ. 2018ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಇಲಿಗಳಲ್ಲಿ ಇದನ್ನು ತೋರಿಸಿದರು. ಹಿಡಿದಿದ್ದ ಕೋಶಗಳು ಹೋದರೂ ಚಿತ್ರ ಹಾಗೇ ಇರುತ್ತದೆ. ನಮ್ಮತನವೂ ಹೀಗೆಯೇ ಕೈಯಿಂದ ಕೈಗೆ ದಾಟಿ ಬರುತ್ತದೆ ಎಂದು ನಾನು ನಂಬುತ್ತೇನೆ.

ನೆನಪು ಇರುವಷ್ಟು ದೂರ ಒಬ್ಬ ವ್ಯಕ್ತಿ ಅದೇ ವ್ಯಕ್ತಿ ಎಂದು ಹದಿನೇಳನೇ ಶತಮಾನದ ತತ್ವಜ್ಞಾನಿ ಜಾನ್ ಲಾಕ್ ವಾದಿಸಿದ್ದರು. ಇದನ್ನು ಪೂರ್ತಿ ಒಪ್ಪಲು ನನ್ನಿಂದ ಆಗುವುದಿಲ್ಲ. ಮರೆವಿನ ಕಾಯಿಲೆ ಬಂದ ತಾಯಿ ಮಗಳ ಹೆಸರನ್ನೇ ಮರೆಯಬಹುದು. ಅಷ್ಟಕ್ಕೆ ಮಗಳ ಪಾಲಿಗೆ ಆಕೆ ಬೇರೆ ಯಾರೋ ಆಗಿಬಿಡುತ್ತಾಳೆಯೇ? ತಾಯಿಗೆ ಏನು ಇಷ್ಟ, ಯಾವ ಮಾತಿಗೆ ನಗುತ್ತಿದ್ದಳು ಎಂಬುದೆಲ್ಲ ಮಗಳಿಗೆ ಗೊತ್ತು. ತಾಯಿಗೆ ಈಗ ಹೇಳಿಕೊಳ್ಳಲಾಗದ್ದನ್ನು ಮಗಳು ಹೇಳುತ್ತಾಳೆ. ಅದಕ್ಕೇ, ಅಂಥವರ ಎದುರು ನಿಂತು 'ಇವರು ಈಗ ಅವರಲ್ಲ ಬಿಡಿ' ಎಂದು ಯಾರಾದರೂ ಹೇಳಿದರೆ ನನಗೆ ತುಂಬ ಸಂಕಟವಾಗುತ್ತದೆ.

ನಮಸ್ಕಾರ.