ಹತ್ತು ದಿನದ ಹಲ್ಲು

ಕೇಳುಗರಿಗೆ ನಮಸ್ಕಾರ.

ಮುಂಬಲ್ಲಿನ ಸಂದಿ, ಕಲೆ, ಮುಕ್ಕಾದ ತುದಿ ಕಾಣದಂತೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಪಿಂಗಾಣಿ ಪದರಕ್ಕೆ ವೆನಿಯರ್ ಎನ್ನುತ್ತಾರೆ. ಅದಕ್ಕೆ ಜಾಗ ಮಾಡಲು ಹಲ್ಲನ್ನು ಸಾಮಾನ್ಯವಾಗಿ 0.3ರಿಂದ 0.7 ಮಿಲಿಮೀಟರ್ ತೇಯುತ್ತಾರೆ. ಲ್ಯಾಬಿನಿಂದ ಪಿಂಗಾಣಿ ಬರಲು ಒಂದೆರಡು ವಾರ ಬೇಕು. ಅಲ್ಲಿಯವರೆಗೆ ತೇಯ್ದ ಹಲ್ಲನ್ನು ಕಾಯುವ ರಾಳದ (ಪ್ಲಾಸ್ಟಿಕ್ಕಿನಂಥ ರೆಸಿನ್) ತಾತ್ಕಾಲಿಕ ಹೊದಿಕೆಯೇ ಇವತ್ತಿನ ವಿಷಯ. 'ಹೇಗೂ ಟೆಂಪರರಿ ಅಲ್ಲವಾ' ಎಂದು ಇದನ್ನು ಅಸಡ್ಡೆ ಮಾಡುವವರಿದ್ದಾರೆ, ರೋಗಿಗಳಷ್ಟೇ ಅಲ್ಲ.

ಕೆಲಸ ಶುರುವಾಗುವುದು ತೇಯುವುದಕ್ಕೂ ಮೊದಲು. ಹಲ್ಲಿನ ಮಾದರಿಯ ಮೇಲೆ ಮೇಣದಲ್ಲಿ ಹೊಸ ಆಕಾರ ಕಟ್ಟಿ, ಅದಕ್ಕೆ ಸಿಲಿಕೋನ್ ಪುಟ್ಟಿ (ರಬ್ಬರಿನಂತೆ ಗಟ್ಟಿಯಾಗುವ ಮುದ್ದೆ) ಒತ್ತಿ ಅಚ್ಚು ತೆಗೆದಿಟ್ಟುಕೊಳ್ಳುತ್ತಾರೆ. ತೇಯ್ದ ಮೇಲೆ ಆ ಅಚ್ಚಿಗೆ ಎರಡು ಅಂಶ ಬೆರೆತು ಗಟ್ಟಿಯಾಗುವ ಬಿಸ್-ಅಕ್ರಿಲ್ ಎಂಬ ರಾಳ ತುಂಬಿ ಹಲ್ಲಿನ ಮೇಲೆ ಕೂರಿಸುವುದು. ರಾಳವನ್ನು ಬೆರೆಸಿ ಹೊರಹಾಕುವ ಗನ್ನಿನಿಂದ ಮೊದಲು ಬರುವ ಕಡಲೆಕಾಳಿನಷ್ಟನ್ನು ಚೆಲ್ಲಬೇಕು. ಅದರಲ್ಲಿ ಆ ಎರಡು ಅಂಶ ಸರಿಯಾಗಿ ಬೆರೆತಿರುವುದಿಲ್ಲ. ತುಂಬುವಾಗ ನಳಿಗೆಯ ತುದಿ ರಾಳದಲ್ಲೇ ಮುಳುಗಿರಬೇಕು, ಎತ್ತೆತ್ತಿ ತುಂಬಿದರೆ ಗಾಳಿ ಸಿಕ್ಕಿ ಹಲ್ಲಿನ ತುದಿಯಲ್ಲೇ ತೂತು ಬೀಳುತ್ತದೆ.

ಹೊದಿಕೆ ನಿಲ್ಲಲು, ಅಚ್ಚು ಕೂರಿಸುವ ಮೊದಲೇ, ಹಲ್ಲಿನ ಮುಖದ ನಡುವೆ ಸುಮಾರು 2 ಮಿಲಿಮೀಟರಿನ ಒಂದೇ ಚುಕ್ಕೆಗೆ ಫಾಸ್ಫಾರಿಕ್ ಆಮ್ಲ ಹಚ್ಚಿ, ತೊಳೆದು, ಅಲ್ಲಿಗೆ ಮಾತ್ರ ಬಾಂಡ್ (ಅಂಟುದ್ರವ) ಹಾಕುತ್ತಾರೆ. ಚುಕ್ಕೆ ದೊಡ್ಡದಾದರೆ ಕೊನೆಗೆ ರಾಳ ಬಿಡಿಸುವಾಗ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ಲೂ ಸವೆಯುತ್ತದೆ. ಎನಾಮಲ್ಲಿನಡಿಯ ಪದರವಾದ ಡೆಂಟಿನ್ ಕಂಡ ಜಾಗವನ್ನು ಬಾಂಡಿನಿಂದ ಮೊದಲೇ ಮುಚ್ಚಿದ್ದರೆ ಅದರ ಮೇಲೆ ಗ್ಲಿಸರಿನ್ ಸವರಬೇಕು, ಇಲ್ಲದಿದ್ದರೆ ರಾಳ ಅಲ್ಲೇ ಕಚ್ಚಿಕೊಳ್ಳುತ್ತದೆ. ಲವಂಗದೆಣ್ಣೆಯ ಯೂಜೆನಾಲ್ ಇರುವ ಸಿಮೆಂಟು ಮಾತ್ರ ಬೇಡವೇ ಬೇಡ. ಅದರ ಶೇಷ ಉಳಿದರೆ ಮುಂದೆ ಪಿಂಗಾಣಿ ಅಂಟಿಸುವ ರಾಳ ಪೂರ್ತಿ ಗಟ್ಟಿಯಾಗುವುದಿಲ್ಲ.

ಕೆಲಸ ಕೆಡುವುದು ಹೆಚ್ಚಾಗಿ ಒಸಡಿನ ಅಂಚಿನಲ್ಲಿ. ಅಲ್ಲಿ ಹೊರಬಂದ ಹೆಚ್ಚುವರಿ ರಾಳವನ್ನು ಚೂಪು ಬ್ಲೇಡಿನಿಂದ, ನಯವಾದ ಬರ್‌ನಿಂದ (ತಿರುಗುತ್ತ ತೇಯುವ ಸಣ್ಣ ಮೊನೆ) ತೆಗೆದು, ಹಲ್ಲುಗಳ ನಡುವಿನ ತ್ರಿಕೋನ ಸಂದಿಯನ್ನು ಬಿಡಿಸಬೇಕು. ಕೂದಲೆಳೆಯಷ್ಟು ಉಳಿದರೂ ಅದರಡಿ ಕೊಳೆ ಸೇರಿ ಒಸಡು ಊದುತ್ತದೆ. ಊದಿದ ಒಸಡು ಪಿಂಗಾಣಿ ಅಂಟಿಸುವ ದಿನ ಮುಟ್ಟಿದರೆ ರಕ್ತ. ರಕ್ತ ತಾಗಿದ ಎನಾಮಲ್ಲಿಗೆ ಅಂಟು ಹಿಡಿಯದು. ಎರಡು ವಾರದ ಹಿಂದೆ ಉಳಿಸಿದ ಐದು ನಿಮಿಷ ಆವತ್ತು ಗಂಟೆಗಟ್ಟಲೆ ಕಾಡುತ್ತದೆ.

ಗಟ್ಟಿಯಾದ ರಾಳದ ಮೇಲೆ ಅಂಟಂಟಾದ ಪೊರೆಯೊಂದು ಉಳಿಯುತ್ತದೆ, ಗಾಳಿಯ ಆಮ್ಲಜನಕ ತಾಗಿದ್ದರಿಂದ. ಸ್ಪಿರಿಟ್ ಹತ್ತಿಯಿಂದ ಅದನ್ನು ಒರೆಸಿ ಪಾಲಿಶ್ ಮಾಡದಿದ್ದರೆ ನಮ್ಮ ಊರಿನ ಊಟದ ಅರಸಿನ, ಮೆಣಸು, ಚಹಾ ಬೇಗ ಹತ್ತುತ್ತವೆ. ಪಾಲಿಶ್ ಮಾಡಿದರೂ ಬಂಗುಡೆ ಪುಳಿಮುಂಚಿ ತಿಂದ ಕೂಡಲೇ ಬಾಯಿ ಮುಕ್ಕಳಿಸಿ. ನೀರುದೋಸೆ, ಗಂಜಿ ನಿಶ್ಚಿಂತೆಯಿಂದ ಆಗಬಹುದು. ಕೋರಿರೊಟ್ಟಿಯನ್ನು ಸಾರಿನಲ್ಲಿ ಪೂರ್ತಿ ನೆನೆಯಲು ಬಿಡಿ. ಚಕ್ಕುಲಿ, ಅಡಿಕೆ, ಮುಂಬಲ್ಲಿನಿಂದ ಕಚ್ಚುವ ಪೇರಳೆ ಸದ್ಯಕ್ಕೆ ಬೇಡ. ಹೊದಿಕೆಗಳು ಒಂದಕ್ಕೊಂದು ಕೂಡಿರುವುದರಿಂದ ಹಲ್ಲಿನ ಸಂದಿ ಶುಚಿ ಮಾಡುವ ನೂಲನ್ನು (ಫ್ಲಾಸ್) ಮೇಲಿನಿಂದ ಇಳಿಸಲಾಗದು. ಒಸಡಿನ ಬಳಿಯ ಸಂದಿಯಲ್ಲಿ ಸಣ್ಣ ಬ್ರಷ್ ತೂರಿಸಿ ಶುಚಿ ಮಾಡಿ.

ಬಿದ್ದುಹೋದರೆ ತುಂಡನ್ನು ಡಬ್ಬಿಯಲ್ಲಿಟ್ಟು ವೈದ್ಯರಿಗೆ ಫೋನು ಮಾಡಿ. ಅಂಗಡಿಯ ಅಂಟು ಹಾಕಿ ಕೂರಿಸಬೇಡಿ, ಅದು ಹಲ್ಲಿಗೂ ಒಸಡಿಗೂ ಕೆಟ್ಟದ್ದು.

ಈ ದಿನಗಳಲ್ಲಿ ಕನ್ನಡಿ ನೋಡುವುದಕ್ಕಿಂತ ಮಾತಾಡಿ ನೋಡುವುದು ಮುಖ್ಯ. 'ಫೋನು', 'ಆಫೀಸು' ಎನ್ನಿ: ಮೇಲಿನ ಹಲ್ಲಿನ ತುದಿ ಕೆಳತುಟಿಯ ಒಳ ಅಂಚಿಗೆ ಮೆಲ್ಲಗೆ ತಾಗಬೇಕು. ಒತ್ತಿದರೆ ಉದ್ದ ಹೆಚ್ಚಾಯಿತು. 'ಸಾಸಿವೆ' ಎನ್ನುವಾಗ ಸಿಳ್ಳೆ ಬರುತ್ತಿದೆಯೇ? ಎರಡು ಮೂರು ದಿನಕ್ಕೂ ಸರಿಹೋಗದಿದ್ದರೆ ತಡಮಾಡದೆ ಹೇಳಿ. ರಾಳವನ್ನು ಕುರ್ಚಿಯಲ್ಲೇ ತಿದ್ದಬಹುದು. ತಿದ್ದಿದ ಆಕಾರದ ಅಚ್ಚನ್ನೂ ಫೋಟೋವನ್ನೂ ಲ್ಯಾಬಿಗೆ ಕಳಿಸಿದರೆ ಪಿಂಗಾಣಿಯ ಉದ್ದ ಅದೇ ಅಳತೆಗೆ ಬರುತ್ತದೆ.