ಹಲ್ಲೆ ಕೇಸು ಬೀಳುವುದು ಎಲ್ಲಿ?

ಕೇಳುಗರಿಗೆ ನಮಸ್ಕಾರ.

ಬದುವಿನ ತಕರಾರು, ನೀರಿನ ಪಾಳಿ, ಸೈಟಿನ ಗಡಿ, ಹೀಗೆ ಹೊಡೆದಾಟಕ್ಕೆ ಕಾರಣ ಏನೇ ಇರಲಿ, ಕೇಸು ಕೋರ್ಟಿನಲ್ಲಿ ಬಿದ್ದುಹೋದರೆ ‘ದುಡ್ಡು ಕೆಲಸ ಮಾಡಿತು’ ಅನ್ನುತ್ತೇವೆ. ಕೆಲವು ಸಲ ನಿಜವೂ ಇರಬಹುದು. ಆದರೆ ಎಷ್ಟೋ ಕೇಸುಗಳು ಸೊರಗುವುದು ಮೊದಲ ದಿನವೇ, ಆಸ್ಪತ್ರೆಯ ಒಂದು ಸಾಲಿನಲ್ಲಿ ಅಥವಾ ದೂರಿನ ಒಂದು ಪುಟದಲ್ಲಿ.

ಪೆಟ್ಟಾದವರು ಮೊದಲು ಆಸ್ಪತ್ರೆಗೇ ಹೋಗಬೇಕು. ದೂರು ಕೊಟ್ಟು ಬಂದರೆ ಮಾತ್ರ ಚಿಕಿತ್ಸೆ ಎನ್ನುವಂತಿಲ್ಲ. ಸರ್ಕಾರಿ ಇರಲಿ, ಖಾಸಗಿ ಇರಲಿ, ವೈದ್ಯರಿಗೆ ಜೀವ ಉಳಿಸುವುದೇ ಮೊದಲ ಕರ್ತವ್ಯ ಎಂದು ಪರಮಾನಂದ ಕಟಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಅಲ್ಲಿ ವೈದ್ಯರು ‘ಗಾಯ ಹೇಗಾಯಿತು’ ಎಂದು ಕೇಳಿ ಎಂಎಲ್‌ಸಿ ರಿಜಿಸ್ಟರಿನಲ್ಲಿ, ಅಂದರೆ ಪೊಲೀಸ್ ಕೇಸಾಗಬಹುದಾದ ಗಾಯಗಳ ದಾಖಲೆ ಪುಸ್ತಕದಲ್ಲಿ, ಬರೆದುಕೊಳ್ಳುತ್ತಾರೆ. ಹೆದರಿಕೆಗೋ, ಪೊಲೀಸ್ ರಗಳೆ ಬೇಡವೆಂದೋ ಕೆಲವರು ‘ಬೈಕಿನಿಂದ ಬಿದ್ದೆ’ ಅಂದುಬಿಡುತ್ತಾರೆ. ನಾಲ್ಕು ದಿನ ಬಿಟ್ಟು ಹಲ್ಲೆಯ ದೂರು ಕೊಡುತ್ತಾರೆ. ಮುಂದೆ ಪಾಟೀಸವಾಲಿನಲ್ಲಿ ಎದುರು ವಕೀಲರು ಆ ಸಾಲನ್ನು ವೈದ್ಯರ ಬಾಯಲ್ಲೇ ಓದಿಸುತ್ತಾರೆ. ಆಮೇಲೆ ಏನು ಹೇಳಿದರೂ ಅದು ಕಟ್ಟುಕತೆಯಂತೆ ಕೇಳುತ್ತದೆ.

ಗಾಯದ ಬಗೆಯೂ ಮುಖ್ಯ. ಮಚ್ಚಿನ ಏಟಿಗೆ ಅಂಚು ನೀಟಾಗಿ ಕತ್ತರಿಸಿರುತ್ತದೆ. ದೊಣ್ಣೆ, ಕಲ್ಲಿನ ಏಟಿಗೆ ಚರ್ಮ ಹರಿದು ಅಂಚು ಜಜ್ಜಿರುತ್ತದೆ. ಕೇಸಿಗೆ ತೂಕ ಬರಲೆಂದು ದೊಣ್ಣೆಯನ್ನು ಮಚ್ಚು ಮಾಡಿದರೆ ಗಾಯದ ಸರ್ಟಿಫಿಕೇಟು ದೂರನ್ನೇ ಸುಳ್ಳಾಗಿಸುತ್ತದೆ.

ಎಲುಬು ಅಥವಾ ಹಲ್ಲು ಮುರಿದಿದ್ದರೆ ಕಾನೂನಿನ ಲೆಕ್ಕವೇ ಬೇರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಾದಾ ಗಾಯಕ್ಕೆ 115ನೇ ಕಲಂ, ಗರಿಷ್ಠ 1 ವರ್ಷ ಜೈಲು. ಇದು ಅಸಂಜ್ಞೇಯ, ಎಫ್‌ಐಆರ್ ಬದಲು ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ದಾಖಲಾಗುತ್ತದೆ, ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಎಲುಬು ಮುರಿದರೆ 117, ಗರಿಷ್ಠ 7 ವರ್ಷ. 15 ದಿನ ತೀವ್ರ ನೋವಿನಲ್ಲಿದ್ದರೆ ಅಥವಾ ದಿನನಿತ್ಯದ ಕೆಲಸ ಮಾಡಲಾಗದಿದ್ದರೆ ಅದೂ ತೀವ್ರ ಗಾಯವೇ. ಹಳೆಯ ದಂಡ ಸಂಹಿತೆಯಲ್ಲಿ ಇದು 20 ದಿನ ಇತ್ತು. ಹಾಗಾಗಿ ಎಕ್ಸ್‌ರೇ ತೆಗೆಸಿ, ಫಿಲಂ ಮತ್ತು ವರದಿ ಎರಡನ್ನೂ ತನಿಖಾಧಿಕಾರಿಗೆ ತಲುಪಿಸಿ. ಬರೀ ಬಾಯಿಮಾತಿನ ‘ಮೂಳೆ ಮುರಿದಿತ್ತು’ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ರಕ್ತವಾದ ಬಟ್ಟೆ ಒಗೆಯಬೇಡಿ. ನೆರಳಿನಲ್ಲಿ ಒಣಗಿಸಿ ಕಾಗದದ ಚೀಲದಲ್ಲಿಡಿ. ಪ್ಲಾಸ್ಟಿಕ್ಕಿನಲ್ಲಿಟ್ಟರೆ ಬೂಸ್ಟು ಹಿಡಿಯುತ್ತದೆ.

ಇನ್ನು ದೂರು. ಎಷ್ಟು ಹೊತ್ತಿಗೆ, ಎಲ್ಲಿ, ಯಾರು, ಯಾವುದರಿಂದ, ಮೈಯ ಯಾವ ಭಾಗಕ್ಕೆ ಹೊಡೆದರು, ಕಂಡವರು ಯಾರು, ರಾತ್ರಿಯಾದರೆ ಬೆಳಕು ಎಲ್ಲಿಂದಿತ್ತು. ಇಷ್ಟು ಇರಲಿ. ತಡವಾಗಿದ್ದರೆ ಏಕೆ ತಡವಾಯಿತೆಂದು ಅದರಲ್ಲೇ ಬರೆಸಿ. ನಮ್ಮಲ್ಲಿ ಇನ್ನೊಂದು ಕೆಟ್ಟ ರೂಢಿಯಿದೆ: ಹೊಡೆದವರು ಇಬ್ಬರಾದರೆ ದೂರಿನಲ್ಲಿ ಅವರ ಅಣ್ಣತಮ್ಮಂದಿರು, ಬೀಗರು ಸೇರಿ ಹತ್ತು ಹೆಸರು. ‘ಎಲ್ಲರೂ ಸೇರಿ ಹೊಡೆದರು’ ಎಂಬ ಒಂದೇ ವಾಕ್ಯ. ಇದರಿಂದ ತಪ್ಪು ಮಾಡದವರು ವರ್ಷಗಟ್ಟಲೆ ಕೋರ್ಟು ಅಲೆಯುತ್ತಾರೆ, ಅವರ ಜೊತೆಗೆ ಹೊಡೆದವರೂ ಪಾರಾಗುತ್ತಾರೆ. ಠಾಣೆಯ ಬರಹಗಾರರು ಬರೆದುಕೊಂಡದ್ದನ್ನು ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ.

ಸಂಜ್ಞೇಯ ಅಪರಾಧ, ಅಂದರೆ ಪೊಲೀಸರು ಕೋರ್ಟಿನ ಆದೇಶಕ್ಕೆ ಕಾಯದೆ ತನಿಖೆ ಮಾಡಬಹುದಾದ ಅಪರಾಧ, ಕಂಡುಬಂದರೆ ಎಫ್‌ಐಆರ್ ಕಡ್ಡಾಯ, ಸುಪ್ರೀಂ ಕೋರ್ಟಿನ 2013ರ ಲಲಿತಾ ಕುಮಾರಿ ತೀರ್ಪು ಹಾಗೆನ್ನುತ್ತದೆ. ‘ನಮ್ಮ ಸರಹದ್ದಲ್ಲ’ ಅಂದರೆ ಒಪ್ಪಬೇಡಿ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಯಾವ ಠಾಣೆಯಾದರೂ ದೂರು ಪಡೆಯಬೇಕು, ಇದನ್ನೇ ಝೀರೋ ಎಫ್‌ಐಆರ್ ಅನ್ನುವುದು. ಆನ್‌ಲೈನಿನಲ್ಲಿ ಕೊಟ್ಟರೆ 3 ದಿನದೊಳಗೆ ಹೋಗಿ ಸಹಿ ಮಾಡಬೇಕು. ಎಫ್‌ಐಆರ್ ಪ್ರತಿ ಉಚಿತ. ಒಂದು ವಿನಾಯಿತಿ ಗೊತ್ತಿರಲಿ: 3 ವರ್ಷದಿಂದ 7 ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಬಹುದು. ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಯವರಿಗೆ ಸ್ಪೀಡ್ ಪೋಸ್ಟಿನಲ್ಲಿ ಬರೆಯಿರಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಕೆಲಸವಾಗದಿದ್ದರೆ ಅಫಿಡವಿಟ್ ಸಹಿತ ಮ್ಯಾಜಿಸ್ಟ್ರೇಟರಿಗೆ ಅರ್ಜಿ. ಆಗ ಆ ರಸೀದಿಯೇ ಆಧಾರ.

‘ಆರೋಪಿಯನ್ನು ಹಿಡಿಯದೆ ನೋಟಿಸು ಕೊಟ್ಟು ಕಳಿಸಿದರು’ ಎಂದು ಬಹಳ ಜನ ಸಿಟ್ಟಾಗುತ್ತಾರೆ. 7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಏಕೆ ಬೇಕೆಂದು ಪೊಲೀಸರು ಕಾರಣ ಬರೆಯಬೇಕು. ಬಂಧನ ಬೇಡವಾದರೆ ಅದೇ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಮಿನಡಿ ನೋಟಿಸು. ನಾಳೆ ಸುಳ್ಳು ದೂರಿಗೆ ಸಿಕ್ಕವರು ನೀವೇ ಆದರೆ ಇದೇ ಕಲಂ ನಿಮ್ಮನ್ನು ಕಾಯುತ್ತದೆ. ಆರೋಪಿ ಬೆದರಿಕೆ ಹಾಕುತ್ತಿದ್ದರೆ ಮಾತ್ರ ಸುಮ್ಮನಿರಬೇಡಿ, ತಾರೀಖು ಸಹಿತ ಲಿಖಿತವಾಗಿ ತಿಳಿಸಿ.

ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ದೂರುದಾರರಿಗೆ ಅಥವಾ ಗಾಯಾಳುವಿಗೆ ಪೊಲೀಸರೇ ತಿಳಿಸಬೇಕು. ವಕೀಲರ ಖರ್ಚು ಭರಿಸಲಾಗದವರು ತಾಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಗೆ ಹೋಗಿ ಅಥವಾ 15100ಕ್ಕೆ ಕರೆ ಮಾಡಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರಿಗೆ ಆದಾಯದ ಮಿತಿಯಿಲ್ಲ. ಸಂತ್ರಸ್ತರ ಪರಿಹಾರದ ಅರ್ಜಿ ಕೊಡಬೇಕಾದದ್ದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ. ಆರೋಪಿ ಯಾರೆಂದೇ ಪತ್ತೆಯಾಗದಿದ್ದರೂ ಆ ಅರ್ಜಿ ಹಾಕಬಹುದು.

ನಮಸ್ಕಾರ.