ಸಿಗ್ನಲ್‌ನಲ್ಲಿ ತಾನೇ ಆಫ್ ಆಗುವ ಎಂಜಿನ್: ಲಾಭ ಯಾರಿಗೆ, ಎಲ್ಲಿ?

ಎಲ್ಲರಿಗೂ ನಮಸ್ಕಾರ. ಕಾರು ಸ್ಟಾರ್ಟ್ ಮಾಡಿದ ತಕ್ಷಣ ಕೆಲವರು ಮಾಡುವ ಮೊದಲ ಕೆಲಸ ಯಾವುದು ಗೊತ್ತಾ? 'ಎ' ಅಕ್ಷರದ ಸುತ್ತ ಬಾಣ ಇರುವ ಬಟನ್ ಒತ್ತುವುದು. ಸಿಗ್ನಲ್‌ನಲ್ಲಿ ಎಂಜಿನ್ ತಾನಾಗಿ ನಿಂತು, ಹೊರಡುವಾಗ ತಾನಾಗಿ ಸ್ಟಾರ್ಟ್ ಆಗುವ ಈ 'ಆಟೋ ಸ್ಟಾಪ್' ಅವರಿಗೆ ಬೇಡ. "ಸುಮ್ನೆ ಕಿರಿಕಿರಿ, ಬ್ಯಾಟರಿ ಹಾಳು, ಸ್ಟಾರ್ಟರ್ ಹಾಳು" ಅನ್ನುತ್ತಾರೆ. ಮರುದಿನ ಕಾರು ಹತ್ತಿದರೆ ಅದು ಮತ್ತೆ ಆನ್ ಆಗಿರುತ್ತದೆ.

ಯಾಕೆ ಮತ್ತೆ ಆನ್ ಆಗುತ್ತದೆ? ಇದರ ಉತ್ತರ ಲ್ಯಾಬ್‌ನಲ್ಲಿದೆ. ನಮ್ಮಲ್ಲಿ ಕಂಪನಿಗಳು ಹೇಳಿಕೊಳ್ಳುವ ಮೈಲೇಜ್ ರಸ್ತೆಯಲ್ಲಿ ಅಳೆದದ್ದಲ್ಲ. ಕಾರನ್ನು ರೋಲರ್ ಮೇಲೆ ನಿಲ್ಲಿಸಿ, ಯುರೋಪಿನ ಹಳೆಯ ಪರೀಕ್ಷೆಯಿಂದ ತಂದ ಒಂದು ಕ್ರಮದಲ್ಲಿ ಓಡಿಸಿ ಅಳೆದದ್ದು. ಆ ಪರೀಕ್ಷೆ ನಡೆಯುವುದು 1180 ಸೆಕೆಂಡು. ಅದರಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಕಾರು ನಿಂತೇ ಇರುತ್ತದೆ. ಅಷ್ಟು ಹೊತ್ತು ಎಂಜಿನ್ ಆಫ್ ಆದರೆ ಕಾಗದದ ಮೇಲೆ ಮೈಲೇಜ್ ಏರುತ್ತದೆ. ಬಟನ್ ಒತ್ತದೆಯೂ ಆನ್ ಇರುವ ಸೌಲಭ್ಯವಾದರೆ ಮಾತ್ರ ಪರೀಕ್ಷೆಯಲ್ಲಿ ಅದರ ಲಾಭ ಲೆಕ್ಕಕ್ಕೆ ಬರುತ್ತದೆ. ಅಮೆರಿಕದಲ್ಲೂ ಇದಕ್ಕಾಗಿ ಕಂಪನಿಗಳಿಗೆ ಸರ್ಕಾರದ ಲೆಕ್ಕದಲ್ಲಿ ರಿಯಾಯಿತಿ ಸಿಗುತ್ತಿತ್ತು. 2025ರ ಮೇ ತಿಂಗಳಲ್ಲಿ ಅಲ್ಲಿನ ಪರಿಸರ ಸಂಸ್ಥೆಯ ಮುಖ್ಯಸ್ಥ ಲೀ ಜೆಲ್ಡಿನ್ ಅದನ್ನು ತೆಗೆಯುವ ಮಾತಾಡಿದರು. ಜನಕ್ಕೆ ಇದು ಇಷ್ಟವಿಲ್ಲ ಅನ್ನುವುದೇ ಅವರು ಕೊಟ್ಟ ಕಾರಣ.

ಹಾಗಾದರೆ ಇದು ಬರೀ ಪರೀಕ್ಷೆ ಪಾಸು ಮಾಡುವ ಉಪಾಯವೇ? ನನಗೆ ಹಾಗನ್ನಿಸುವುದಿಲ್ಲ. ಲ್ಯಾಬ್‌ನಲ್ಲಿ ಉಳಿದ ಪೆಟ್ರೋಲ್ ನಿಜವಾಗಿಯೂ ಉಳಿದದ್ದೇ. ನಿಮ್ಮ ದಾರಿ ಆ ಲ್ಯಾಬ್ ಥರ ಇದೆಯಾ ಅನ್ನುವುದಷ್ಟೇ ಪ್ರಶ್ನೆ.

ಸ್ವಲ್ಪ ಲೆಕ್ಕ ಹಾಕೋಣ. 1.2 ಲೀಟರ್ ಪೆಟ್ರೋಲ್ ಎಂಜಿನ್ ನಿಂತಲ್ಲೇ ಓಡುತ್ತಿದ್ದರೆ ಗಂಟೆಗೆ ಸುಮಾರು 600 ಮಿಲಿ ಕುಡಿಯುತ್ತದೆ. ಎ.ಸಿ. ಹಾಕಿದರೆ ಇನ್ನೂ ಜಾಸ್ತಿ. ಅಂದರೆ ನಿಮಿಷಕ್ಕೆ 10 ಮಿಲಿ, ಎರಡು ಟೀ ಚಮಚದಷ್ಟು. ಬಿಸಿಯಾಗಿರುವ ಎಂಜಿನ್ ಮತ್ತೆ ಸ್ಟಾರ್ಟ್ ಆಗಲು ಬೇಕಾಗುವ ಪೆಟ್ರೋಲ್, 10 ಸೆಕೆಂಡು ನಿಂತಲ್ಲೇ ಓಡಿದಾಗ ಖರ್ಚಾಗುವುದಕ್ಕಿಂತ ಕಡಿಮೆ. ಹಾಗಾಗಿ 10 ಸೆಕೆಂಡು ದಾಟಿದ ಮೇಲೆ ನಿಂತದ್ದೆಲ್ಲ ಲಾಭ. ದಿನಕ್ಕೆ 20 ನಿಮಿಷ ಎಂಜಿನ್ ಆಫ್ ಇತ್ತು ಅಂದುಕೊಳ್ಳಿ. 200 ಮಿಲಿ ಉಳಿಯಿತು. ಲೀಟರಿಗೆ ನೂರು ರೂಪಾಯಿ ಅಂದರೂ 20 ರೂಪಾಯಿ. ತಿಂಗಳಿಗೆ 25 ದಿನ ಓಡಿಸಿದರೆ 500, ವರ್ಷಕ್ಕೆ 6000.

ಆದರೆ ಈ ಲೆಕ್ಕ ಏಪ್ರಿಲ್ ಬಿಸಿಲನ್ನು ಮರೆತಿದೆ. ಸಾಮಾನ್ಯ ಕಾರಿನಲ್ಲಿ ಎ.ಸಿ. ಕಂಪ್ರೆಸರ್ ತಿರುಗುವುದು ಎಂಜಿನ್ ಬೆಲ್ಟ್‌ನಿಂದ. ಎಂಜಿನ್ ನಿಂತರೆ ಬ್ಲೋವರ್ ಮಾತ್ರ ಗಾಳಿ ಬಿಡುತ್ತದೆ. ಸ್ವಲ್ಪ ಹೊತ್ತಿಗೆ ಒಳಗೆ ಸೆಕೆ ಏರುತ್ತದೆ, ಸಿಗ್ನಲ್ ಕೆಂಪಿದ್ದಾಗಲೇ ಎಂಜಿನ್ ಮತ್ತೆ ಎದ್ದುಬಿಡುತ್ತದೆ. ಹಾಗಾಗಿ 6000ದ ಅರ್ಧ ಕೈಗೆ ಬಂದರೂ ಖುಷಿಪಡಬೇಕು.

ಇನ್ನು ಸ್ಟಾರ್ಟರ್ ಹಾಳಾಗುವ ಭಯ. ಇಂಥ ಕಾರಿಗೆ ಹಾಕುವ ಸ್ಟಾರ್ಟರ್ ಮಾಮೂಲಿಯದಲ್ಲ. ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಸ್ಟಾರ್ಟ್ ತಡೆಯುವಂತೆ ಮಾಡಿರುತ್ತಾರೆ. ಎಂಜಿನ್ ಬಿಸಿಯಾಗುವ ತನಕ ಈ ವ್ಯವಸ್ಥೆ ಕೆಲಸವನ್ನೇ ಮಾಡುವುದಿಲ್ಲ. ಹಾಗಾಗಿ ಬೆಳಗಿನ ಮೊದಲ ಸ್ಟಾರ್ಟ್‌ನಷ್ಟು ಸವೆತ ಇಲ್ಲಿಲ್ಲ.

ನಿಜವಾಗಿ ಖರ್ಚಿನ ಮಾತು ಬರುವುದು ಬ್ಯಾಟರಿಯಲ್ಲಿ. ಇದಕ್ಕೆ ಇ.ಎಫ್.ಬಿ. ಅಥವಾ ಎ.ಜಿ.ಎಂ. ಅನ್ನುವ ಗಟ್ಟಿ ಬ್ಯಾಟರಿ ಬೇಕು, ಅದು ದುಬಾರಿ. ಬದಲಿಸುವಾಗ ಅಂಗಡಿಯವರು "ಇದೂ ನಡೆಯುತ್ತೆ ಸರ್" ಅಂತ ಮಾಮೂಲಿ ಬ್ಯಾಟರಿ ತೋರಿಸಬಹುದು. ಒಪ್ಪಬೇಡಿ. ಕೆಲವು ದಿನ ನಡೆಯುತ್ತದೆ, ಆಮೇಲೆ ಬೇಗ ಸೋತುಹೋಗುತ್ತದೆ. ಆಟೋ ಸ್ಟಾಪ್‌ನಿಂದ ಉಳಿಸಿದ ದುಡ್ಡಿನ ಒಂದು ಪಾಲು ಹೀಗೆ ಬ್ಯಾಟರಿಗೇ ಹೋಗುತ್ತದೆ, ನಿಜ. ಪೂರ್ತಿ ಹೋಗುವುದಿಲ್ಲ.

ಈಗ ನಮ್ಮ ಬೆಂಗಳೂರಿಗೆ ಬರೋಣ. ಇಲ್ಲಿ ಕಾರು ಎರಡು ಥರ ನಿಲ್ಲುತ್ತದೆ. ಒಂದು, ದೊಡ್ಡ ಸಿಗ್ನಲ್‌ನಲ್ಲಿ ನೂರು, ನೂರಿಪ್ಪತ್ತು ಸೆಕೆಂಡು. ಇನ್ನೊಂದು, ಸಿಲ್ಕ್ ಬೋರ್ಡ್‌ನಲ್ಲೋ ಟಿನ್ ಫ್ಯಾಕ್ಟರಿ ಹತ್ತಿರವೋ ಎರಡು ಮಾರು ಮುಂದೆ, ನಾಲ್ಕು ಸೆಕೆಂಡು ನಿಲ್ಲು, ಮತ್ತೆ ಎರಡು ಮಾರು. ಮೊದಲನೆಯದಕ್ಕೆ ಆಟೋ ಸ್ಟಾಪ್ ಹೇಳಿ ಮಾಡಿಸಿದ ಹಾಗಿದೆ. ಎರಡನೆಯದರಲ್ಲಿ ನಷ್ಟವೇ. ಪಾಪ, ಕಾರಿಗೆ ಎರಡೂ ಒಂದೇ. ಮುಂದಿನ ಬಸ್ಸು ಯಾವಾಗ ಕದಲುತ್ತದೆ ಅಂತ ಅದಕ್ಕೆ ಕಾಣುವುದಿಲ್ಲ. ನಿಮಗೆ ಕಾಣುತ್ತದೆ. ಸಿಗ್ನಲ್ ಮೇಲಿನ ಕೌಂಟ್‌ಡೌನ್ ಕೂಡ ನೀವೇ ಓದುತ್ತೀರಿ.

ಅದಕ್ಕೇ ನಾನು ಬಟನ್‌ಗಿಂತ ಕಾಲಿನ ಮೇಲೆ ಜಾಸ್ತಿ ನಂಬಿಕೆ ಇಡುತ್ತೇನೆ. ಗೇರ್ ಕಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಕ್ಲಚ್ ಬಿಟ್ಟರೆ ಮಾತ್ರ ಎಂಜಿನ್ ನಿಲ್ಲುತ್ತದೆ. 90 ಸೆಕೆಂಡು ಕಂಡರೆ ಬಿಡಿ. 8 ಸೆಕೆಂಡು ಕಂಡರೆ ಕ್ಲಚ್ ಒತ್ತಿಕೊಂಡೇ ಇರಿ. ಆಟೋಮ್ಯಾಟಿಕ್ ಕಾರುಗಳಲ್ಲಿ ಹಲವದರಲ್ಲಿ ಬ್ರೇಕ್ ಮೆಲ್ಲಗೆ ಹಿಡಿದರೆ ಎಂಜಿನ್ ಓಡುತ್ತಿರುತ್ತದೆ, ಗಟ್ಟಿಯಾಗಿ ಒತ್ತಿದರೆ ನಿಲ್ಲುತ್ತದೆ. ಎಲ್ಲ ಕಾರಿನಲ್ಲೂ ಹೀಗಿಲ್ಲ. ನಿಮ್ಮದರಲ್ಲಿ ಹೇಗೆ ಅಂತ ಖಾಲಿ ರಸ್ತೆಯಲ್ಲಿ ಒಮ್ಮೆ ನೋಡಿಕೊಳ್ಳಿ. ಇಲ್ಲದಿದ್ದರೆ ಜಾಮ್‌ನಲ್ಲಿ ಆ ಬಟನ್ ಒತ್ತುವುದು ತಪ್ಪೇನಲ್ಲ.

ಹಳೆಯ ಕಾರಿನವರು ಕೀ ತಿರುಗಿಸಿಯೇ ಆಫ್ ಮಾಡಬಹುದಲ್ವಾ? ಖಂಡಿತ. ದೆಹಲಿ ಸರ್ಕಾರ 2020ರ ಅಕ್ಟೋಬರಿನಲ್ಲಿ 'ರೆಡ್ ಲೈಟ್ ಆನ್, ಗಾಡಿ ಆಫ್' ಅಂತ ಪ್ರಚಾರ ಮಾಡಿದ್ದು ಇದನ್ನೇ. ಅಲ್ಲಿ ಮುಖ್ಯ ವಿಷಯ ಪೆಟ್ರೋಲ್ ಅಲ್ಲ, ಹೊಗೆ. ನಮ್ಮ ಜೇಬಿಗೆ ಉಳಿಯುವುದು ಇಪ್ಪತ್ತು ರೂಪಾಯಿ ಇರಬಹುದು. ಹಿಂದೆ ಸ್ಕೂಟರಿನಲ್ಲಿ ನಿಂತವರು, ನಡುವೆ ನಿಂತ ಟ್ರಾಫಿಕ್ ಪೊಲೀಸರು ಕುಡಿಯುವ ಹೊಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲ.

ಸ್ಕೂಟರ್ ಅಂದಾಗ ನೆನಪಾಯಿತು. ಈ ತಂತ್ರ ಕಾರಿಗಿಂತ ದ್ವಿಚಕ್ರಕ್ಕೇ ಚೆನ್ನಾಗಿ ಒಪ್ಪುತ್ತದೆ. ಎ.ಸಿ. ಗೋಜಿಲ್ಲ. 2019ರ ಆಕ್ಟಿವಾ 125ರಲ್ಲಿ ಸ್ಟಾರ್ಟರ್ ಸದ್ದೂ ಇಲ್ಲ. ಆಕ್ಸಿಲರೇಟರ್ ತಿರುಗಿಸಿದರೆ ಹೊರಟಿತು. ಕಾರುಗಳ ಪೈಕಿ ಬಿಡದಿಯಲ್ಲಿ ತಯಾರಾಗುವ ಇನೋವಾ ಹೈಕ್ರಾಸ್ ಹೈಬ್ರಿಡ್‌ನಂಥವು ಈ ತೊಂದರೆಗಳನ್ನೇ ದಾಟಿವೆ. ಅವುಗಳ ಎ.ಸಿ. ವಿದ್ಯುತ್ತಿನಲ್ಲಿ ಓಡುತ್ತದೆ, ಜಾಮ್‌ನಲ್ಲಿ ಎರಡು ಮಾರು ಮುಂದೆ ಹೋಗಲು ಮೋಟರೇ ಸಾಕು. ಬೆಲೆ ಮಾತ್ರ ಕೇಳಬೇಡಿ.

ಕೊನೆಯದಾಗಿ, ಮನೆಯಿಂದ ಮಾರ್ಕೆಟ್ಟಿಗೆ ಮೂರು ಕಿಲೋಮೀಟರ್ ಅಷ್ಟೇ ಓಡಿಸುವವರಿಗೆ ಒಂದು ಮಾತು. ಅಷ್ಟರಲ್ಲಿ ಎಂಜಿನ್ ಬಿಸಿಯಾಗುವುದಿಲ್ಲ, ಬ್ಯಾಟರಿ ತುಂಬುವುದಿಲ್ಲ. ನೀವು ಬಟನ್ ಜೊತೆ ಜಗಳ ಆಡುವುದೇ ಬೇಡ, ಬಹುತೇಕ ದಿನ ಕಾರೇ ಅದನ್ನು ಆಫ್ ಇಟ್ಟುಕೊಂಡಿರುತ್ತದೆ. ಈಗ ನಿಮ್ಮ ಪ್ರಶ್ನೆ ಕೇಳಿ.